ಬಾರ್ ಲೆಕ್ಕ, ಬಕೆಟ್ ಲೆಕ್ಕ

ಆಷಾಢದ ಜಿಟಿಜಿಟಿ ಮಳೆ ಹಿಡಿದು ಶ್ರಾವಣ ಮುಗಿಯುವ ಹೊತ್ತಿಗೆ ಮೈಸೂರಿನ ನಮ್ಮ ಮನೆಯ ಹಿತ್ತಿಲಿನ ಚಪ್ಪಡಿ ಕಲ್ಲುಗಳ ಮೇಲೆ ಕಾಲಿಟ್ಟರೆ ಜಾರುವಷ್ಟು ಪಾಚಿ ಕಟ್ಟಿರುತ್ತದೆ. ಮೊದಲೆಲ್ಲ ಬ್ಲೀಚಿಂಗ್ ಪುಡಿ ಎರಚಿ, ಅರ್ಧ ಗಂಟೆ ನೆನೆಯಲು ಬಿಟ್ಟು, ಕಡ್ಡಿಪೊರಕೆಯಲ್ಲಿ ಉಜ್ಜುತ್ತಿದ್ದೆವು. ಎಪ್ಪತ್ತು ದಾಟಿದ ಮೇಲೆ ನನ್ನ ಸೊಂಟ ಆ ಕೆಲಸಕ್ಕೆ ಒಪ್ಪದೆ ಹೋದದ್ದರಿಂದ ನೀರನ್ನು ಜೋರು ಒತ್ತಡದಲ್ಲಿ ಚಿಮ್ಮಿಸಿ ಕೊಳೆ ತೆಗೆಯುವ ಪ್ರೆಷರ್ ವಾಷರ್ ಎಂಬ ಯಂತ್ರ ಮನೆಗೆ ಬಂತು. ಮಂಡ್ಯದ ಹೈಸ್ಕೂಲಿನಲ್ಲಿ ಬಹುಕಾಲ ವಿಜ್ಞಾನ ಪಾಠ ಮಾಡಿದವಳಾದರೂ ಮೊದಲ ಯಂತ್ರವನ್ನು ನಾನು ಕೊಂಡದ್ದು ಪೆಟ್ಟಿಗೆಯ ಮೇಲೆ ಕೆಂಪು ಅಕ್ಷರದಲ್ಲಿ ಅಚ್ಚಾಗಿದ್ದ ಒಂದೇ ಒಂದು ಸಂಖ್ಯೆಯನ್ನು ನೋಡಿ. ಅದು ಒಂದು ವರ್ಷವೂ ಬಾಳಲಿಲ್ಲ. ಎರಡನೆಯದನ್ನು ಲೆಕ್ಕ ಹಾಕಿ ತಂದೆ, ಅದು ಈಗಲೂ ದುಡಿಯುತ್ತಿದೆ.

ಪೆಟ್ಟಿಗೆಯ ಮೇಲಿನ ಆ ಕೆಂಪು ಸಂಖ್ಯೆ ಒತ್ತಡದ್ದು, ಅದನ್ನು ಅಳೆಯುವ ಮಾನ ಬಾರ್. ನೀರು ಹತ್ತು ಮೀಟರ್ ಎತ್ತರದಿಂದ ಇಳಿದರೆ ನಲ್ಲಿಯಲ್ಲಿ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ಒಂದಂತಸ್ತಿನ ಮನೆಯ ತಾರಸಿಯ ಟ್ಯಾಂಕಿನಿಂದ ಹಿತ್ತಿಲಿನ ನಲ್ಲಿಗೆ ಬರುವುದು ಅರ್ಧ ಬಾರ್ ಮಾತ್ರ. ಮನೆಬಳಕೆಯ ವಾಷರ್ ಕೊಡುವ ನೂರು ಬಾರ್ ಎಂದರೆ ಸುಮಾರು ಒಂದು ಕಿಲೋಮೀಟರ್ ಎತ್ತರದ ನೀರಿನ ಕಂಬದ ಒತ್ತಡ. ನಮ್ಮ ಚಾಮುಂಡಿ ಬೆಟ್ಟ ಊರಿನ ನೆಲದಿಂದ ಹೆಚ್ಚುಕಡಿಮೆ 300 ಮೀಟರ್ ಎತ್ತರವಿದೆ. ಅಂಥ ಮೂರು ಬೆಟ್ಟಗಳನ್ನು ಒಂದರ ಮೇಲೊಂದು ಪೇರಿಸಿ ತುದಿಯಿಂದ ಕೊಳವೆ ಇಳಿಬಿಟ್ಟಂತೆ ಎಂದು ಊಹಿಸಿಕೊಂಡರೆ ಕೈಯಲ್ಲಿರುವುದು ಆಟಿಕೆಯಲ್ಲ ಎಂಬುದು ಅರ್ಥವಾಗುತ್ತದೆ. ಅಂಗಳ, ಕಾರು, ಸ್ಕೂಟರ್, ಗೇಟು ಇಷ್ಟೇ ಇರುವ ಮನೆಗೆ 100ರಿಂದ 130 ಬಾರ್ ಧಾರಾಳವಾಗಿ ಸಾಕು. ಅದಕ್ಕೂ ಹೆಚ್ಚಿನದನ್ನು ಕೊಂಡವರು ಕೊಳೆಯ ಜೊತೆಗೆ ಬಣ್ಣವನ್ನೂ ಗಾರೆಯನ್ನೂ ಕಳೆದುಕೊಳ್ಳುತ್ತಾರೆ.

ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ಬಹುತೇಕ ಗರಿಷ್ಠ ಒತ್ತಡದ್ದಾಗಿರುತ್ತದೆ. ಕೆಲಸ ಮಾಡುವಾಗ ನಿಜವಾಗಿ ಸಿಗುವ ಒತ್ತಡ ಅದಕ್ಕಿಂತ ಸಾಕಷ್ಟು ಕಡಿಮೆ. ಇದನ್ನು ಪರೀಕ್ಷಿಸಲು ಒಂದು ಸುಲಭದ ಲೆಕ್ಕವಿದೆ. ಬಾರ್ ಸಂಖ್ಯೆಯನ್ನು ನಿಮಿಷಕ್ಕೆ ಬರುವ ಲೀಟರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ಅಷ್ಟು ನೀರನ್ನು ಅಷ್ಟು ಒತ್ತಡದಲ್ಲಿ ತಳ್ಳಲು ಎಷ್ಟು ಕಿಲೋವಾಟ್ ಬೇಕೆಂಬುದು ಬರುತ್ತದೆ. 120 ಬಾರ್, ನಿಮಿಷಕ್ಕೆ ಆರೂವರೆ ಲೀಟರ್ ಎಂದರೆ 1.3 ಕಿಲೋವಾಟ್, ಮೋಟಾರು ಮತ್ತು ಪಂಪಿನಲ್ಲಿ ಆಗುವ ನಷ್ಟ ಸೇರಿಸಿದರೆ 1800 ವಾಟ್‌ನ ಯಂತ್ರ ಈ ಕೆಲಸ ಮಾಡಬಲ್ಲದು, ಮಾತು ನಂಬುವಂತಿದೆ. ಅದೇ 1800 ವಾಟ್‌ನ ಯಂತ್ರದ ಮೇಲೆ 200 ಬಾರ್, ನಿಮಿಷಕ್ಕೆ ಹತ್ತು ಲೀಟರ್ ಎಂದು ಬರೆದಿದ್ದರೆ ಲೆಕ್ಕ 3.3 ಕಿಲೋವಾಟ್ ಎನ್ನುತ್ತದೆ. ಸೇರು ಹಾಲು ಕೊಡುವ ಹಸುವಿನಿಂದ ಎರಡು ಸೇರು ಕರೆದೆನೆನ್ನುವವನ ಮಾತಿನಂತೆ, ಅದರಲ್ಲಿ ನೀರು ಬೆರೆತಿದೆ ಎಂದೇ ಅರ್ಥ. ನನ್ನ ಮೊದಲ ಯಂತ್ರದ ಪೆಟ್ಟಿಗೆಯ ಮೇಲೆ ಇದ್ದದ್ದು ಇಂಥದೇ ಸಂಖ್ಯೆ. ಅಂಗಡಿಯವನನ್ನು ಕೇಳಿದಾಗ ಎರಡೂ ಸತ್ಯ, ಆದರೆ ಒಟ್ಟಿಗೆ ಅಲ್ಲ ಎಂದು ನಕ್ಕ.

ಮೋಟಾರಿನಲ್ಲಿ ಎರಡು ಬಗೆಗಳಿವೆ. ಕಾರ್ಬನ್ ಬ್ರಷ್ ಇರುವ ಯೂನಿವರ್ಸಲ್ ಮೋಟಾರು ಹಗುರ, ಅಗ್ಗ, ಆದರೆ ಕಿವಿ ತೂತಾಗುವಷ್ಟು ಸದ್ದು ಮಾಡುತ್ತದೆ. ಇಂಡಕ್ಷನ್ ಮೋಟಾರು ಭಾರ, ಬೆಲೆಯೂ ಹೆಚ್ಚು, ಸದ್ದು ಕಡಿಮೆ, ಬಾಳಿಕೆ ಹೆಚ್ಚು. ತಿಂಗಳಿಗೆ ಒಂದೆರಡು ಬಾರಿ ಬಳಸುವವರಿಗೆ ಮೊದಲನೆಯದು ಸಾಲುತ್ತದೆ, ಆದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಅದಕ್ಕೆ ವಿಶ್ರಾಂತಿ ಕೊಡಬೇಕು. ಪಂಪಿನ ತಲೆ ಹಿತ್ತಾಳೆಯದೋ ಅಲ್ಯುಮಿನಿಯಮ್ಮಿನದೋ ಎಂದು ಕೇಳಿ ನೋಡಿ. ಬೋರ್‌ವೆಲ್ಲಿನ ಗಡಸು ನೀರಿರುವ ಕಡೆ ಹಿತ್ತಾಳೆ ಮೇಲು. ನೀರು ಚಿಮ್ಮಿಸಲು ಕೈಯಲ್ಲಿ ಹಿಡಿಯುವ ಗನ್ನಿನ ಕುದುರೆ (ಟ್ರಿಗರ್) ಬಿಟ್ಟ ಕೂಡಲೇ ಮೋಟಾರು ತಾನೇ ನಿಲ್ಲುವ ವ್ಯವಸ್ಥೆ ಇರಲೇಬೇಕು. ಬಿಡಿಭಾಗ ಮತ್ತು ರಿಪೇರಿ ಊರಿನಲ್ಲೇ ಸಿಗುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲು ವಿಚಾರಿಸಿಕೊಳ್ಳಿ, ಓ-ರಿಂಗ್ ಎಂಬ ಒಂದು ಸಣ್ಣ ರಬ್ಬರ್ ಬಳೆಗಾಗಿ ಮೂರು ವಾರ ಕಾದವಳು ಹೇಳುತ್ತಿದ್ದೇನೆ.

ಇಷ್ಟು ಬಾರ್ ಲೆಕ್ಕವಾಯಿತು. ಬಹಳ ಮಂದಿ ಹಾಕದೆ ಬಿಡುವುದು ಬಕೆಟ್ ಲೆಕ್ಕವನ್ನು. ವಾಷರ್ ನೀರನ್ನು ಸೃಷ್ಟಿಸುವುದಿಲ್ಲ, ನಲ್ಲಿ ಕೊಟ್ಟದ್ದನ್ನು ತಳ್ಳುತ್ತದೆ. ಯಂತ್ರ ನಿಮಿಷಕ್ಕೆ ಏಳು ಲೀಟರ್ ಕೇಳುತ್ತಿದ್ದು ನಲ್ಲಿ ಐದೇ ಲೀಟರ್ ಕೊಟ್ಟರೆ ಪಂಪಿನೊಳಗೆ ಗಾಳಿ ಸೇರುತ್ತದೆ, ಸದ್ದು ಬದಲಾಗುತ್ತದೆ, ನೀರಿನ ತಂಪೂ ಜಾರಿಕೆಯೂ ಸಿಗದೆ ಒಳಗಿನ ಸೀಲುಗಳು ಸುಡುತ್ತವೆ. ನನ್ನ ಮೊದಲ ಯಂತ್ರ ಸತ್ತದ್ದು ಹೀಗೆಯೇ. ಅರ್ಧ ಇಂಚಿನ ಹಳೆಯ ಜಿ.ಐ. ಪೈಪು ಒಳಗೆಲ್ಲ ತುಕ್ಕು ಕಟ್ಟಿ ಸಣಕಲಾಗಿತ್ತು, ಮೇಲಿನ ಟ್ಯಾಂಕಿನಲ್ಲಿ ನೀರೂ ತಳ ಹಿಡಿದಿತ್ತು, ನಾನು ಮಾತ್ರ ಯಂತ್ರವನ್ನು ಬೈಯುತ್ತ ಇನ್ನೂ ಹತ್ತು ನಿಮಿಷ ಓಡಿಸಿದೆ. ಯಂತ್ರ ಕೊಳ್ಳುವ ಮೊದಲೇ ಇಪ್ಪತ್ತು ಲೀಟರಿನ ಬಕೆಟನ್ನು ನಲ್ಲಿಯ ಕೆಳಗಿಟ್ಟು ಗಡಿಯಾರ ನೋಡಿ: ಎರಡು ನಿಮಿಷದೊಳಗೆ ತುಂಬಿದರೆ ಮನೆಬಳಕೆಯ ಯಾವ ವಾಷರಿಗೂ ತೊಂದರೆಯಿಲ್ಲ. ಮೂರು ನಿಮಿಷ ಹಿಡಿದರೆ ಪೈಪು ಬದಲಿಸಿ, ಇಲ್ಲವೇ ಡ್ರಮ್ಮಿನಿಂದ ತಾನೇ ನೀರೆಳೆದುಕೊಳ್ಳಬಲ್ಲ ಯಂತ್ರವನ್ನು ಆರಿಸಿ, ಅದರ ಹೀರುಕೊಳವೆಗೆ ಜಾಲರಿಯಿರುವ, ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್‌ವಾಲ್ವ್ ಹಾಕಿಸಿ. ಮಂಡ್ಯದ ಕಡೆ ತೋಟದ ಮನೆಗಳಲ್ಲಿ ನಾಲೆಯ ನೀರನ್ನು ನೇರವಾಗಿ ಎಳೆದುಕೊಳ್ಳುವುದನ್ನು ಕಂಡಿದ್ದೇನೆ. ಆ ನೀರಿನ ನಯವಾದ ಮರಳು ಪಂಪಿನ ಪಿಸ್ಟನ್ನಿಗೆ ಉಪ್ಪುಕಾಗದ ಉಜ್ಜಿದಂತೆ. ನೀರನ್ನು ಒಂದು ರಾತ್ರಿ ಡ್ರಮ್ಮಿನಲ್ಲಿ ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನಷ್ಟೇ ಬಳಸಬೇಕು. ಸೋಲಾರ್ ಹೀಟರಿನ ಬಿಸಿನೀರಿನ ನಲ್ಲಿಗೂ ಇದನ್ನು ಜೋಡಿಸಬೇಡಿ. ಮನೆಬಳಕೆಯ ಬಹುಪಾಲು ಯಂತ್ರಗಳು ತಣ್ಣೀರಿಗಾಗಿ ಮಾಡಿದವು. ಒಳಬರುವ ನೀರಿನ ಬಿಸಿ ಎಷ್ಟಿರಬಹುದೆಂಬುದು ಕೈಪಿಡಿಯಲ್ಲಿರುತ್ತದೆ, ಹಲವದರಲ್ಲಿ ಅದು 40 ಡಿಗ್ರಿ, ನಮ್ಮ ಸೋಲಾರ್ ನೀರು ಬಿಸಿಲಿನ ದಿನ ಅದನ್ನು ಎಷ್ಟೋ ಮೀರುತ್ತದೆ.

ಇನ್ನು ವಿದ್ಯುತ್ತಿನ ಮಾತು. ಇದರಲ್ಲಿ ನಾನು ಯಾರ ಮುಲಾಜಿಗೂ ಬೀಳುವುದಿಲ್ಲ. ನೀರು, ಬರಿಗಾಲು, 230 ವೋಲ್ಟ್ ಮೂರೂ ಒಂದೇ ಅಂಗಳದಲ್ಲಿ ಸೇರುವ ಕೆಲಸವಿದು. ಸಂಪರ್ಕ ಕೊಡುವ ಪ್ಲಗ್ಗಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ರಕ್ಷಣೆಯ ಸ್ವಿಚ್ಚು ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ವಾಷರ್ ಆಮೇಲೆ ತನ್ನಿ. ಹೋಗುವ ಕರೆಂಟಿಗೂ ಮರಳುವ ಕರೆಂಟಿಗೂ ವ್ಯತ್ಯಾಸ ಕಂಡೊಡನೆ, ಅಂದರೆ ಕರೆಂಟು ಮೈ ಮೂಲಕವೋ ಒದ್ದೆ ನೆಲದ ಮೂಲಕವೋ ಸೋರತೊಡಗಿದೊಡನೆ, ಅದು ಕಣ್ಣು ಮಿಟುಕಿಸುವುದರೊಳಗೆ ಕಡಿತ ಮಾಡುತ್ತದೆ. ಕರೆಂಟು ಮಿತಿ ಮೀರಿದಾಗ ಮಾತ್ರ ಬೀಳುವ ಸಾಮಾನ್ಯ ಎಂಸಿಬಿ ಈ ಕೆಲಸ ಮಾಡುವುದಿಲ್ಲ. ಆರ್‌ಸಿಸಿಬಿಯ ಮೇಲಿರುವ ಪರೀಕ್ಷೆಯ ಗುಂಡಿಯನ್ನು ಪ್ರತಿ ಬಾರಿ ಕೆಲಸಕ್ಕೆ ಮುನ್ನ ಒತ್ತಿ ನೋಡುತ್ತೇನೆ. 1800 ವಾಟ್ ಎಂದರೆ ಸುಮಾರು ಎಂಟು ಆಂಪಿಯರ್, ಆದ್ದರಿಂದ ಮೊಬೈಲ್ ಚಾರ್ಜ್ ಮಾಡುವ ಸಣ್ಣ ಪ್ಲಗ್ಗು ಸಲ್ಲದು, 16 ಆಂಪಿಯರಿನದೇ ಬೇಕು. ಎಕ್ಸ್‌ಟೆನ್ಷನ್ ಬಾಕ್ಸು ಆದಷ್ಟು ಬೇಡ. ಬೇಕೇ ಬೇಕೆಂದರೆ ಎರಡೂವರೆ ಚದರ ಮಿಲಿಮೀಟರ್ ತಾಮ್ರದ ಮೂರು ಎಳೆಯ ವೈರಿನದಿರಲಿ, ಸುರುಳಿಯನ್ನು ಪೂರ್ತಿ ಬಿಚ್ಚಿರಬೇಕು, ಜೋಡಣೆ ನೆಲದಲ್ಲಿ ಬಿದ್ದಿರದೆ ಮಳೆನೀರು ತಾಗದ ಕುರ್ಚಿಯ ಮೇಲಿರಬೇಕು. ಸುತ್ತಿಟ್ಟ ಸುರುಳಿಯಲ್ಲೇ ಇಷ್ಟು ಕರೆಂಟು ಹರಿಸಿದರೆ ವೈರು ಒಳಗೊಳಗೇ ಕಾದು ಮೆತ್ತಗಾಗುತ್ತದೆ. ಹಳ್ಳಿಯಲ್ಲಿ ವೋಲ್ಟೇಜು ಇಳಿದು ಮೋಟಾರು ಹೂಂಕರಿಸುತ್ತ ತಿರುಗದೆ ನಿಂತರೆ ಕೂಡಲೇ ಆರಿಸಿ.

ಶುರು ಮಾಡುವ ಕ್ರಮವನ್ನು ನಮ್ಮ ಮನೆಯಲ್ಲಿ ಗೋಡೆಗೇ ಅಂಟಿಸಿದ್ದೇನೆ. ಮೊದಲು ನೀರು ಒಳಬರುವ ಬಾಯಿಯ ಜಾಲರಿಯನ್ನು ತೊಳೆದು ಹಾಕಬೇಕು, ಕೊಳವೆಗಳನ್ನು ಜೋಡಿಸಬೇಕು, ನಲ್ಲಿಯನ್ನು ಪೂರ್ತಿ ತಿರುಗಿಸಬೇಕು. ಆನಂತರ ಸ್ವಿಚ್ಚು ಹಾಕದೆ ಗನ್ನಿನ ಕುದುರೆ ಒತ್ತಿ, ಬುಸುಬುಸು ಗಾಳಿಯೆಲ್ಲ ಹೋಗಿ ನೀರು ಒಂದೇ ಸಮನೆ ಸುರಿಯುವವರೆಗೆ ಕಾಯಬೇಕು. ಸ್ವಿಚ್ಚು ಆಮೇಲೆ. ಮುಗಿಸುವಾಗ ಮೊದಲು ಸ್ವಿಚ್ಚು, ಆಮೇಲೆ ನಲ್ಲಿ, ಕೊನೆಗೆ ಕುದುರೆ ಒತ್ತಿ ಒಳಗುಳಿದ ಒತ್ತಡ ತೆಗೆಯುವುದು. ಕೊನೆಯದನ್ನು ಮರೆತವರು ಕೊಳವೆ ಬಿಚ್ಚಿದ ಕೂಡಲೇ ಮುಖಕ್ಕೆ ಹೊಡೆಸಿಕೊಳ್ಳುತ್ತಾರೆ; ನಮ್ಮ ಯಜಮಾನರ ಕನ್ನಡಕ ಎರಡು ತುಂಡಾದದ್ದು ಹಾಗೆಯೇ.

ಗನ್ನಿನ ತುದಿಗೆ ಸಿಕ್ಕಿಸುವ ನಾಜಲ್ಲಿನ ಬಾಯಿಯಲ್ಲಿ ನೀರು ಹೊರಡುವ ವೇಗ ನೂರು ಬಾರ್‌ನಲ್ಲಿ ಗಂಟೆಗೆ ಸುಮಾರು 500 ಕಿಲೋಮೀಟರ್. ಅದು ಸಪೂರ ಧಾರೆಯಾಗಿ ಹತ್ತಿರದಿಂದ ಚರ್ಮಕ್ಕೆ ತಾಗಿದರೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣಿಸಬಹುದು, ನೋವೂ ಮೊದಲಿಗೆ ಹೆಚ್ಚಿರದೆ ಇರಬಹುದು, ಆದರೆ ನೀರೂ ಕೊಳೆಯೂ ಚರ್ಮದಡಿಯಲ್ಲಿ ಆಳಕ್ಕೆ ಹರಡಿರುತ್ತವೆ. ಅರಿಸಿನ ಮೆತ್ತಿ ಬಟ್ಟೆ ಸುತ್ತಿಕೊಂಡು ಕೂರುವ ಗಾಯವಲ್ಲ ಅದು; ತಡ ಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು, ಆದ್ದರಿಂದ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಅದೇ ಗಂಟೆಯಲ್ಲಿ ಹೋಗಿ ಪ್ರೆಷರ್ ವಾಷರಿನ ಗಾಯ ಎಂದು ಬಿಡಿಸಿ ಹೇಳಬೇಕು. ಹವಾಯಿ ಚಪ್ಪಲಿ ಹಾಕಿಕೊಂಡು ಅದನ್ನೇ ಕಾಲಲ್ಲಿಟ್ಟು ತೊಳೆಯುವ ಹುಡುಗರನ್ನು ನೋಡಿದರೆ ನನಗೆ ಜೀವ ಹಾರುತ್ತದೆ. ಗದ್ದೆಗೆ ಹಾಕುವ ರಬ್ಬರ್ ಬೂಟು, ಕಣ್ಣಿಗೆ ಕನ್ನಡಕ, ಎರಡೂ ಕೈ ಗನ್ನಿನ ಮೇಲೆ, ಮಕ್ಕಳೂ ನಾಯಿಯೂ ಮನೆಯೊಳಗೆ. ಹಸು ಎಮ್ಮೆಗಳ ಮೈಗೆ ಇದನ್ನು ಹಿಡಿಯಲೇಬಾರದು. ಏಣಿಯ ಮೇಲೆ ನಿಂತು ಕುದುರೆ ಒತ್ತಲೂ ಬಾರದು, ಧಾರೆ ಮುಂದಕ್ಕೆ ಚಿಮ್ಮಿದಾಗ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ.

ನಾಜಲ್‌ಗಳು ಬಣ್ಣದ ಗುರುತಿನವಾಗಿದ್ದರೆ ಆ ಬಣ್ಣ ಧಾರೆ ಎಷ್ಟು ಕೋನಕ್ಕೆ ಹರಡುತ್ತದೆಂಬುದನ್ನು ಹೇಳುತ್ತದೆ: ಸಾಮಾನ್ಯವಾಗಿ ಕೆಂಪು ಸೊನ್ನೆ ಡಿಗ್ರಿ, ಹಳದಿ 15, ಹಸಿರು 25, ಬಿಳಿ 40. ಕಪ್ಪು ಸೋಪಿನ ನೀರಿಗೆ. ಕೆಂಪನ್ನು ನಾನು ತಂದ ದಿನವೇ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟೆ, ಮನೆಯಲ್ಲಿ ಅದಕ್ಕೆ ಕೆಲಸವಿಲ್ಲ. ತಿರುಗಿಸಿ ಹೊಂದಿಸುವ ನಾಜಲ್ ಇದ್ದರೆ ಯಾವಾಗಲೂ ಅಗಲದ ಬೀಸಣಿಗೆಯಿಂದಲೇ ಆರಂಭಿಸಬೇಕು. ಎರಡಡಿ ದೂರದಿಂದ ಶುರು ಮಾಡಿ, ಮೂಲೆಯಲ್ಲಿ ಪರೀಕ್ಷಿಸಿ, ಕೊಳೆ ಬಿಡುವಷ್ಟು ಮಾತ್ರ ಹತ್ತಿರ ಹೋಗುವುದು. ದೂರ ಅರ್ಧವಾದರೆ ಏಟು ಎಷ್ಟೋ ಪಟ್ಟು ಬಲವಾಗುತ್ತದೆ, ಹಾಗಾಗಿ ಒತ್ತಡವನ್ನು ನಿಜವಾಗಿ ಹೆಚ್ಚು ಕಡಿಮೆ ಮಾಡುವುದು ಯಂತ್ರಕ್ಕಿಂತ ನಿಮ್ಮ ಮೊಣಕೈ.

ಚಪ್ಪಡಿ ಕಲ್ಲು, ಸಿಮೆಂಟಿನ ಅಂಗಳ ಇವು ತಡೆಯುತ್ತವೆ. ಇಂಟರ್‌ಲಾಕ್ ಇಟ್ಟಿಗೆಯ ಅಂಗಳದಲ್ಲಿ ಸಂದಿಯ ಮರಳು ಎದ್ದು ಹೋಗುವುದರಿಂದ ಒಣಗಿದ ಮೇಲೆ ಮತ್ತೆ ಮರಳು ತುಂಬಿ ಗುಡಿಸಬೇಕು. ತಾರಸಿಯ ಹಳೆಯ ಟೈಲುಗಳ ಸಂದಿಯ ಗಾರೆ ಎದ್ದರೆ ಮುಂದಿನ ಮಳೆಗೆ ಮನೆಯೊಳಗೆ ಬಕೆಟ್ ಇಡಬೇಕಾಗುತ್ತದೆ. ಮಂಗಳೂರು ಹೆಂಚಿನ ಸೂರಿಗೆ ಕೆಳಗಿನಿಂದ ಮೇಲಕ್ಕೆ ಧಾರೆ ಬಿಟ್ಟರಂತೂ ಹೆಂಚಿನಡಿ ನೀರು ನುಗ್ಗಿ ಅಟ್ಟವೆಲ್ಲ ತೊಯ್ಯುತ್ತದೆ. ಸುಣ್ಣದ ಗೋಡೆ, ಕೆಂಪು ಗಾರೆಯ ನೆಲ, ತೇಗದ ಬಾಗಿಲು ಇವಕ್ಕೆ ಒದ್ದೆ ಬಟ್ಟೆಯೇ ಸರಿ. ಮೀಟರ್ ಬೋರ್ಡು, ಏ.ಸಿ. ಯಂತ್ರ, ಸೋಲಾರಿನ ಗಾಜಿನ ಕೊಳವೆ ಇವುಗಳ ಹತ್ತಿರ ಗನ್ ತಿರುಗಲೇಬಾರದು.

ಆಯುಧಪೂಜೆಯ ಹಿಂದಿನ ದಿನ ಊರಿಗೆ ಊರೇ ಗಾಡಿ ತೊಳೆಯುತ್ತದೆ. ಕಾರಿಗೆ ಬಿಳಿ ನಾಜಲ್ ಹಾಕಿ, ಬಣ್ಣ ಎದ್ದ ಕಡೆಯನ್ನೂ ರಬ್ಬರಿನ ಅಂಚುಗಳನ್ನೂ ಬಿಟ್ಟು, ಟೈರಿನ ಬದಿಗೆ ಒಂದಡಿಗಿಂತ ಹತ್ತಿರ ಹೋಗದೆ ತೊಳೆಯಿರಿ. ರೇಡಿಯೇಟರಿನ ತೆಳು ರೆಕ್ಕೆಗಳು ಧಾರೆಗೆ ಮಡಚಿಕೊಳ್ಳುತ್ತವೆ. ಸ್ಕೂಟರ್, ಮೋಟಾರ್ ಸೈಕಲ್ಲಿನ ಚಕ್ರದ ಬೇರಿಂಗು, ಚೈನು, ಸ್ವಿಚ್ಚುಗಳ ಮೇಲೆ ಹೊಡೆದರೆ ಗ್ರೀಸು ಹೊರಬಂದು ನೀರು ಒಳಸೇರುತ್ತದೆ, ತಿಂಗಳಾದ ಮೇಲೆ ಕಿರ್ರೆನ್ನುತ್ತದೆ. ನೀರಿನ ಮಾತಿಗೆ ಬಂದರೆ, 2024ರ ಬರದಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತ್ತು. ಅಲ್ಲಿಗೂ ಇಲ್ಲಿಗೂ ಕಾವೇರಿಯೇ. ತೊಳೆಯುವ ಮೊದಲು ಒಣ ಕಸವನ್ನು ಪೊರಕೆಯಿಂದ ಗುಡಿಸಿ, ಕುದುರೆಯನ್ನು ಬೇಕಾದಾಗಷ್ಟೇ ಒತ್ತಿದರೆ ನನ್ನ ಹಿತ್ತಿಲು ಆರೇಳು ಬಕೆಟ್ಟಿನಲ್ಲಿ ಮುಗಿಯುತ್ತದೆ, ಅದನ್ನೂ ತಾರಸಿಯಿಂದ ಹಿಡಿದಿಟ್ಟ ಮಳೆನೀರಿನಲ್ಲಿ ಮಾಡುತ್ತೇನೆ.

ಸೋಪಿಗೆಂದು ಇರುವ ಬಾಟಲಿಗೆ ಆಸಿಡ್ಡನ್ನೋ ಬ್ಲೀಚನ್ನೋ ಸುರಿಯಬೇಡಿ, ಪಂಪಿನ ಲೋಹವನ್ನು ತಿನ್ನುತ್ತವೆ. ಶಾಂಪೂ ಬಳಸಿದ ದಿನ ಬರಿ ನೀರನ್ನು ಎರಡು ನಿಮಿಷ ಓಡಿಸಿ ನಿಲ್ಲಿಸಬೇಕು. ಗಡಸು ನೀರಿನಿಂದ ನಾಜಲ್ ಕಟ್ಟಿಕೊಂಡರೆ ಯಂತ್ರದಿಂದ ಬಿಚ್ಚಿ, ವಿನೆಗರಿನಲ್ಲಿ ನೆನೆಸಿ, ಪೆಟ್ಟಿಗೆಯಲ್ಲಿ ಬಂದ ಸಣ್ಣ ತಂತಿಯಿಂದ ಚುಚ್ಚಿ ತೊಳೆಯಿರಿ. ಕೊಳವೆಯನ್ನು ಮಡಚದೆ ದೊಡ್ಡ ಸುತ್ತಿನಲ್ಲಿ ಗೂಟಕ್ಕೆ ನೇತುಹಾಕಿ, ಇಲಿಗಳಿಗೆ ಅದು ಬಹಳ ಪ್ರಿಯ. ನಮ್ಮಲ್ಲಿ ಯಂತ್ರ ಗ್ಯಾರೇಜಿನಲ್ಲಿರುತ್ತದೆ, ಕೇಳಿದ ನೆರೆಯವರು ಒಯ್ಯುತ್ತಾರೆ. ಗನ್ ಮಾತ್ರ ನನ್ನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕದಲ್ಲಿದೆ, ಅದನ್ನು ಪಡೆಯಲು ಬಂದವರು ಗೋಡೆಯ ಮೇಲಿನ ಕಾಗದವನ್ನು ಒಮ್ಮೆ ಗಟ್ಟಿಯಾಗಿ ಓದಿಯೇ ಹೋಗಬೇಕು.