ಕೊಂಬು ಹೋದರೆ ಮೇಕೆ

ಹಳೆಯ ಇಟಾಲಿಯನ್ ಪದಕವೊಂದನ್ನು ನೋಡಿ ಕಂಚಿನಲ್ಲಿ ಎರೆಯಲು ಹೊರಟಿದ್ದೆ. ಮೊದಲ ಎರಕದ ಮಣ್ಣು ಒಡೆದಾಗ ಹುಡುಗಿಯ ಮುಖ ಚೊಕ್ಕವಾಗಿ ಬಂದಿತ್ತು. ತಿರುಗಿಸಿ ನೋಡಿದರೆ ಹಿಂಬದಿಯ ಯೂನಿಕಾರ್ನ್‌ಗೆ, ಅಂದರೆ ಕಥೆಗಳ ಒಂಟಿಕೊಂಬಿನ ಪ್ರಾಣಿಗೆ, ಕೊಂಬೇ ಇಲ್ಲ. ನನ್ನ ಹೆಂಡತಿ ಇಣುಕಿ ನೋಡಿ, "ಮೇಕೆ ಚೆನ್ನಾಗಿದೆ ಕಣ್ರೀ" ಅಂದಳು.

ಅವಳದ್ದೇನೂ ತಪ್ಪಿಲ್ಲ. ಇಟಲಿಯ ಚಿತ್ರಕಾರ ಪಿಸಾನೆಲ್ಲೊ 1447ರಲ್ಲಿ ಮಾಡಿದ ಚೆಚೀಲಿಯಾ ಗೊನ್ಜಾಗಾ ಪದಕದ ಯೂನಿಕಾರ್ನ್ ಇರುವುದೇ ಹಾಗೆ, ಜೂಲುಗೂದಲಿನ ಮೇಕೆಯ ಮೈ. ಯುರೋಪಿನ ಹಳೆಯ ಪ್ರಾಣಿಕಥೆಗಳಲ್ಲಿ ಅದು ಮೇಕೆಮರಿಯಂಥ ಸಣ್ಣ ಪ್ರಾಣಿ. ಯಾವ ಬೇಟೆಗಾರನಿಗೂ ಸಿಗದು, ಕನ್ಯೆಯೊಬ್ಬಳ ಮಡಿಲಿಗೆ ಮಾತ್ರ ತಾನಾಗಿ ಬಂದು ಒರಗುತ್ತದಂತೆ. ಋಷ್ಯಶೃಂಗನ ಕಥೆ ಗೊತ್ತಿದ್ದವರಿಗೆ ಕೊಂಬೂ ಹೆಣ್ಣೂ ಎದುರಾಗುವುದು ಹೊಸದಲ್ಲ. ಅಲ್ಲಿ ವ್ರತ ಮುರಿಯುತ್ತದೆ, ಇಲ್ಲಿ ಉಳಿಯುತ್ತದೆ, ಅಷ್ಟೆ.

ಫೋಟೊ ಮುಂದಿಟ್ಟುಕೊಂಡು, ಒಡೆದ ಸ್ಲೇಟಿನ ಚೂರಿನ ಮೇಲೆ ಜೇನುಮೇಣಕ್ಕೆ ತುಸು ರಾಳ ಬೆರೆಸಿ ತಿದ್ದಿದೆ. ಎರಡು ಮುಖಗಳನ್ನೂ ಬೇರೆಬೇರೆ ಮಾಡಿ ಬೆನ್ನಿಗೆ ಬೆನ್ನು ಕೂಡಿಸಿದ್ದು. ಅಡ್ಡಳತೆ 87 ಮಿ.ಮೀ. ಸುತ್ತಲಿನ ಲ್ಯಾಟಿನ್ ಬರಹದಲ್ಲಿ ಅವಳ ಹೆಸರಿನ ಬೆನ್ನಿಗೇ 'ವಿರ್ಗೊ', ಅಂದರೆ ಕನ್ಯೆ. ಇಟಲಿಯ ಮಾಂಟುವಾ ಸಂಸ್ಥಾನದ ಒಡೆಯನಾದ ಮಾರ್ಕ್ವಿಸನ ಮಗಳು ಅನ್ನುವುದೆಲ್ಲ ಆಮೇಲೆ. ವಿತ್ತೊರೀನೊ ದ ಫೆಲ್ತ್ರೆ ಎಂಬ ಗುರುವಿನ ಹತ್ತಿರ ಎಳವೆಯಲ್ಲೇ ಗ್ರೀಕ್ ಕಲಿತವಳು ಈಕೆ. ಉರ್ಬಿನೊ ಸಂಸ್ಥಾನದ ಓದಾಂತೋನಿಯೊ ದ ಮೊಂತೆಫೆಲ್ತ್ರೊಗೆ ಕೊಟ್ಟು ಮದುವೆ ಮಾಡಬೇಕೆಂದು ಅಪ್ಪನ ಹಟ, ಇವಳು ಒಲ್ಲೆನೆಂದಳು. 1444ರಲ್ಲಿ ಅಪ್ಪ ತೀರಿಕೊಂಡ ಮೇಲೆ ತಾಯಿಯ ಜೊತೆ ಕಾನ್ವೆಂಟು ಸೇರಿದಳು. ಪದಕ ಆಗುವ ಹೊತ್ತಿಗೆ ಸನ್ಯಾಸಿನಿ, ಆದರೂ ಇಲ್ಲಿ ಅರಮನೆಯ ಉಡುಗೆ, ಎತ್ತಿ ಕಟ್ಟಿದ ಕೂದಲು. ವೈರಾಗ್ಯವೆಲ್ಲ ಹಿಂಬದಿಯಲ್ಲಿದೆ: ಅರೆಬೆತ್ತಲೆ ಕನ್ಯೆ, ಬಂಡೆಗಳು, ಮೇಲೆ ರೋಮನ್ನರ ಕನ್ಯಾದೇವತೆ ಡಯಾನಾಳ ಬಾಗುಚಂದ್ರ. ಒಂದು ಕಲ್ಲಿನ ಮೇಲೆ 'ಚಿತ್ರಕಾರ ಪಿಸಾನೊನ ಕೃತಿ' ಅಂತ ಲ್ಯಾಟಿನ್‌ನಲ್ಲಿ ಪಿಸಾನೆಲ್ಲೊನ ಸಹಿ. ಎರಕ ಹೊಯ್ದರೂ ಚಿತ್ರಕಾರ ಅನ್ನುವುದನ್ನು ಬಿಟ್ಟುಕೊಟ್ಟಿಲ್ಲ ಪುಣ್ಯಾತ್ಮ.

ಕೊಂಬು ಯಾಕೆ ಹೋಯಿತು? ಮೇಣದಲ್ಲಿ ನೂಲಿನಷ್ಟು ತೆಳ್ಳಗೆ ಎಳೆದಿದ್ದೆ. ಅಚ್ಚು ಆರಿತ್ತು, ಕಂಚು ಅಲ್ಲಿಗೆ ತಲುಪುವ ಮೊದಲೇ ಗಟ್ಟಿಯಾಯಿತು. ಚಂದ್ರನನ್ನಂತೂ ನಾನೇ ಕೊಂದೆ. ನೆಲದಿಂದ ಕೂದಲೆಳೆಯಷ್ಟೇ ಎದ್ದಿದ್ದ, ಅರ ಹಾಕಿ ನುಣುಪು ಮಾಡುವಾಗ ಸವೆದುಹೋದ. ಕೊಂಬೂ ಚಂದ್ರನೂ ಇಲ್ಲದ ಮೇಲೆ ಉಳಿದದ್ದು ಮೇಕೆ ಕಾಯುವ ಹುಡುಗಿ.

ಎರಡನೆಯ ಸಲ ಕೊಂಬಿಗೆ ಬುಡದಲ್ಲಿ ಮೇಣ ತುಂಬಿ ನೆಲಕ್ಕೆ ಅಂಟಿಸಿದೆ. ಅದರ ಹತ್ತಿರದ ಅಂಚಿಗೆ ಗಾಳಿ ಹೋಗಲು ಒಂದು ಮೇಣದ ಕಡ್ಡಿ. ಅಚ್ಚು ಕೆಂಪಗಿರುವಾಗಲೇ ಎರೆದೆ. ಅಳೆದರೆ 86ಕ್ಕೆ ಕೂದಲೆಳೆ ಕಡಿಮೆ: ಕಂಚು ಆರುವಾಗ ಕುಗ್ಗುತ್ತದೆ. ಪದಕದಿಂದಲೇ ಅಚ್ಚು ತೆಗೆದು ಎರೆದ ನಕಲು ಸಿಕ್ಕಿಬೀಳುವುದೂ ಹೀಗೆಯೇ, ಅಸಲಿಗಿಂತ ಚಿಕ್ಕದಾಗಿ.

ಕೊಂಬು ಬಂದಿದೆ. ಚಂದ್ರನ ಒಂದು ತುದಿ ಮೊಂಡು. ಅರ ಮುಟ್ಟಿಸಿಲ್ಲ.