ಎಲೀಯನಿಗೆ ದೇವರು ಮೊದಲು ಕೊಟ್ಟಿದ್ದು ನಿದ್ದೆ

ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದರು. ರಾತ್ರಿಯೆಲ್ಲ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಹಗಲು ನನ್ನ ಕೆಲಸ, ರಾತ್ರಿ ಇದು. ಏಳು ತಿಂಗಳು ಹೀಗೇ ನಡೆಯಿತು.

ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಂಬಿಕೆ ಕಡಿಮೆಯಾಗಿದೆ, ಅದಕ್ಕೇ ಇಷ್ಟು ಸುಸ್ತು ಅಂದುಕೊಂಡೆ. ಇದ್ದ ನಾಲ್ಕು ಗಂಟೆ ನಿದ್ದೆಯಲ್ಲೂ ಒಂದು ಗಂಟೆ ಕಳೆದು ಪ್ರಾರ್ಥನೆಗೆ ಕೂತೆ. ಮೊಣಕಾಲೂರಿದಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು, ಎಚ್ಚರವಾದರೆ ದೇವರ ಮುಂದೆ ನಾಚಿಕೆ. ಒಂದು ದಿನ ಅಪ್ಪನ ಮೇಲೆ ಕೂಗಾಡಿಬಿಟ್ಟೆ. ಅವರಿಗೆ ಮಾತು ಬರುತ್ತಿರಲಿಲ್ಲ, ಸುಮ್ನೆ ನನ್ನನ್ನೇ ನೋಡಿದರು.

ಆ ರಾತ್ರಿ ಅಳುತ್ತಾ ಬೈಬಲಿನಲ್ಲಿ 1 ಅರಸುಗಳು 19ನೇ ಅಧ್ಯಾಯ ತೆಗೆದೆ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿದದ್ದನ್ನು ಕಂಡ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಅರಣ್ಯಕ್ಕೆ ಓಡಿಹೋಗಿ, ಒಂದು ಗಿಡದ ಕೆಳಗೆ ಕೂತು ಸಾಯಬೇಕು ಅನ್ನುತ್ತಾನೆ. ದೇವರು ಬೈಯಲಿಲ್ಲ. ಮಲಗಲು ಬಿಟ್ಟರು. ದೇವದೂತನು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿದ, ಪ್ರಯಾಣ ನಿನ್ನ ಶಕ್ತಿಗೆ ಮೀರಿದ್ದು, ಎದ್ದು ತಿನ್ನು ಅಂದ. ಹೋರೇಬ್ ಬೆಟ್ಟದವರೆಗಿನ 40 ದಿನದ ದಾರಿಗೆ ಬಲ ಬಂದದ್ದು ಆ ಊಟದಿಂದ. 'ಇಲ್ಲಿ ಏನು ಮಾಡುತ್ತೀ' ಎಂಬ ದೇವರ ಪ್ರಶ್ನೆ ಬರುವುದು ಅದಾದ ಮೇಲೆ, ಬೆಟ್ಟದಲ್ಲಿ.

ಆಮೇಲೆ ಸಮಯ ಸಿಕ್ಕರೆ ಮೊದಲು ಮಲಗುತ್ತಿದ್ದೆ. ನನ್ನ ಕಣ್ಣು ಮುಚ್ಚಿದರೂ ಅಪ್ಪನನ್ನು ಕಾಯುವವನಿದ್ದಾನೆ ಅಂತ ನಂಬಿ ಮಲಗುವುದೂ ಒಂದು ಪ್ರಾರ್ಥನೆಯೇ ಅಲ್ವಾ? ಎಚ್ಚರದ ಪ್ರಾರ್ಥನೆ ತೀರಾ ಚಿಕ್ಕದಾಯಿತು. ಅಪ್ಪನ ಭುಜದ ಕೆಳಗೆ ಕೈ ಹಾಕುವಾಗ 'ಇದೊಂದು ಸಲಕ್ಕೆ ಬಲ ಕೊಡು ತಂದೆ', ಅಷ್ಟೇ. ನಾಳೆಯದ್ದನ್ನು ಕೇಳುತ್ತಿರಲಿಲ್ಲ. ಮಾತು ಹೊರಡದಾಗ ಬೈಬಲಿನ 13ನೇ ಕೀರ್ತನೆ ಓದುತ್ತಿದ್ದೆ. ಆರೇ ವಚನ, ಅದರ ಮೊದಲೆರಡರಲ್ಲೇ ದಾವೀದ 'ಇನ್ನೆಷ್ಟು ದಿನ' ಅಂತ ನಾಲ್ಕು ಸಲ ಕೇಳುತ್ತಾನೆ. ನಾನೂ ಅವನ ಜೊತೆ ಕೇಳಿದೆ.

ಎಲೀಯನ ಆ ಅಧ್ಯಾಯದ ಇನ್ನೊಂದು ಮಾತು ತಡವಾಗಿ ಕಣ್ಣಿಗೆ ಬಿತ್ತು. ಎಲೀಯ ತನ್ನ ಸೇವಕನನ್ನು ಬೇರ್ಷೆಬ ಎಂಬ ಊರಲ್ಲೇ ಬಿಟ್ಟು ಒಬ್ಬನೇ ಮುಂದೆ ಹೋಗಿರುತ್ತಾನೆ. ಆಮೇಲೆ 'ನಾನೊಬ್ಬನೇ ಉಳಿದಿದ್ದೇನೆ' ಅಂತ ದೇವರ ಹತ್ತಿರ ದುಃಖ ಹೇಳಿಕೊಳ್ಳುತ್ತಾನೆ. ಓದುವಾಗ ನನ್ನ ತಮ್ಮ ನೆನಪಾದ. ಸಹಾಯಕ್ಕೆ ಬರುತ್ತೇನೆ ಅಂದವನಿಗೆ ಬೇಡ, ನಾನೇ ನೋಡಿಕೊಳ್ಳುತ್ತೇನೆ ಅಂದಿದ್ದೆ. ಮರುದಿನವೇ ಫೋನ್ ಮಾಡಿದೆ.

"ಅಕ್ಕ, ನೀನು ಕರೀಲಿ ಅಂತಲೇ ಕಾಯ್ತಿದ್ದೆ" ಅಂದ.

ಅವತ್ತಿಂದ ವಾರಕ್ಕೆ ಎರಡು ರಾತ್ರಿ ಅವನದು. ಮೊದಲ ರಾತ್ರಿ ಬೆಳಗಾಗುವವರೆಗೆ ಮಲಗಿದ್ದೆ. ಎದ್ದು ಹೋಗಿ ನೋಡಿದರೆ ಅಪ್ಪ ಎಡಮಗ್ಗುಲಿಗೆ ಮಲಗಿದ್ದರು, ಬೆನ್ನಿಗೆ ದಿಂಬು ಸರಿಯಾಗಿ ಕೊಟ್ಟಿತ್ತು.