ಅಮೆರಿಕದ ಅಧ್ಯಕ್ಷರ ಚುನಾವಣೆ: ಲೆಕ್ಕ ಹಿಡಿಯುವುದು ಹೇಗೆ

ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸಲು ನಡೆಯುವುದು ಒಂದು ಚುನಾವಣೆಯಲ್ಲ, 51. ಐವತ್ತು ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಡಿ.ಸಿ. ತಮ್ಮ ತಮ್ಮ ಕಾನೂನಿನಂತೆ ಮತದಾನ ನಡೆಸಿ, ತಾವೇ ಎಣಿಸಿ, ತಾವೇ ಪ್ರಮಾಣೀಕರಿಸುತ್ತವೆ. ನಮ್ಮ ಚುನಾವಣಾ ಆಯೋಗದಂತೆ ಇಡೀ ದೇಶದ ಫಲಿತಾಂಶ ಪ್ರಕಟಿಸುವವರು ಅಲ್ಲಿಲ್ಲ. ಅಲ್ಲಿನ ಫೆಡರಲ್ ಚುನಾವಣಾ ಆಯೋಗದ ಕೆಲಸ ಪ್ರಚಾರದ ದುಡ್ಡಿನ ಮೇಲೆ ಕಣ್ಣಿಡುವುದು. ಆದ್ದರಿಂದ ಯಾವ ಸುದ್ದಿ ಬಂದರೂ ಮೊದಲು ನೋಡಬೇಕಾದ್ದು ಅದು ಯಾವ ರಾಜ್ಯದ್ದು, ಅಲ್ಲಿನ ನಿಯಮ ಏನು ಎಂಬುದನ್ನು.

ಕಣಕ್ಕಿಳಿಯುವ ಹಂತ

ಅಭ್ಯರ್ಥಿ ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ಆ ದೇಶದಲ್ಲಿ ವಾಸ ಮಾಡಿರಬೇಕು. ಮೈಸೂರಿನಿಂದ ಹೋಗಿ ಪೌರತ್ವ ಪಡೆದವರಿಗೆ ಈ ಹುದ್ದೆ ಸಿಗದು. ಅಲ್ಲೇ ಹುಟ್ಟಿದ ಅವರ ಮಕ್ಕಳಿಗೆ ಅಡ್ಡಿಯಿಲ್ಲ. ಪ್ರಚಾರಕ್ಕೆಂದು 5,000 ಡಾಲರ್‌ಗಿಂತ ಹೆಚ್ಚು ಸಂಗ್ರಹಿಸಿದರೆ ಅಥವಾ ಖರ್ಚು ಮಾಡಿದರೆ ಆಯೋಗದಲ್ಲಿ ನೋಂದಾಯಿಸಿಕೊಳ್ಳಬೇಕು.

ನಮ್ಮಲ್ಲಿ ಹೈಕಮಾಂಡ್ ಬಿ ಫಾರಂ ಕೊಟ್ಟರೆ ಮುಗಿಯಿತು. ಅಲ್ಲಿ ಪಕ್ಷದ ಟಿಕೆಟನ್ನು ರಾಜ್ಯದಿಂದ ರಾಜ್ಯಕ್ಕೆ ಹೋಗಿ ಮತದಾರರಿಂದಲೇ ಪಡೆಯಬೇಕು. ಮತಪತ್ರದಲ್ಲಿ ಹೆಸರು ಬರಬೇಕಾದರೆ ಪ್ರತಿ ರಾಜ್ಯದಲ್ಲೂ ಬೇರೆ ಅರ್ಜಿ, ಬೇರೆ ಶುಲ್ಕ, ಕೆಲವೆಡೆ ಸಹಿ ಸಂಗ್ರಹ. ಘಟಾನುಘಟಿಗಳು ಎಡವುವುದು ಇಲ್ಲೇ. 2012ರಲ್ಲಿ ವರ್ಜೀನಿಯಾ 10,000 ಮತದಾರರ ಸಹಿ ಕೇಳುತ್ತಿತ್ತು, ಅದೂ ಕಾಂಗ್ರೆಸ್‌ನ (ಅಲ್ಲಿನ ಸಂಸತ್ತು) 11 ಕ್ಷೇತ್ರಗಳಲ್ಲಿ ತಲಾ ಕನಿಷ್ಠ 400. ರಿಪಬ್ಲಿಕನ್ ಟಿಕೆಟ್‌ಗೆ ಸ್ಪರ್ಧಿಸಿದ್ದ ನ್ಯೂಟ್ ಗಿಂಗ್ರಿಚ್ ಅದೇ ರಾಜ್ಯದ ನಿವಾಸಿಯಾಗಿದ್ದರೂ ಸಿಂಧು ಸಹಿಗಳು ಸಾಲದೆ ಅವರ ಹೆಸರು ಮತಪತ್ರಕ್ಕೆ ಬರಲಿಲ್ಲ. ಅದೇ ಟಿಕೆಟ್‌ನ ಇನ್ನೊಬ್ಬ ಆಕಾಂಕ್ಷಿ ರಿಕ್ ಪೆರಿ ಅವರ ಕಥೆಯೂ ಅದೇ.

ಪ್ರೈಮರಿ: ಪ್ರತಿನಿಧಿಗಳ ಲೆಕ್ಕ

ಚುನಾವಣಾ ವರ್ಷದ ಆರಂಭದಿಂದ ಜೂನ್‌ವರೆಗೆ ಪ್ರೈಮರಿಗಳು ಮತ್ತು ಕಾಕಸ್‌ಗಳು ನಡೆಯುತ್ತವೆ. ಪ್ರೈಮರಿಯೆಂದರೆ ಸಾಮಾನ್ಯ ಮತದಾನ. ಕಾಕಸ್ ಎಂದರೆ ಪಕ್ಷದವರು ಊರೂರಿನ ಶಾಲೆ, ಚರ್ಚು, ಸಭಾಂಗಣಗಳಲ್ಲಿ ಸೇರಿ ನಡೆಸುವ ಆಯ್ಕೆ. ಇಲ್ಲಿ ಗೆಲ್ಲಬೇಕಾದ್ದು ಪಕ್ಷದ ಮಹಾ ಅಧಿವೇಶನಕ್ಕೆ ಹೋಗುವ ಪ್ರತಿನಿಧಿಗಳನ್ನು. 2024ರಲ್ಲಿ ರಿಪಬ್ಲಿಕನ್ ಪಕ್ಷದಲ್ಲಿ 2,429 ಪ್ರತಿನಿಧಿಗಳಿದ್ದರು. ಟಿಕೆಟ್‌ಗೆ 1,215 ಬೇಕಿತ್ತು.

ಎರಡು ಪಕ್ಷಗಳ ಹಂಚಿಕೆ ಒಂದೇ ಅಲ್ಲ. ಡೆಮಾಕ್ರಟಿಕ್ ಪಕ್ಷದಲ್ಲಿ ಮತಕ್ಕೆ ತಕ್ಕ ಪಾಲು, ಆದರೆ ಶೇ 15ರ ಗಡಿ ದಾಟಬೇಕು. ಒಂದು ಕ್ಷೇತ್ರದಲ್ಲಿ 9 ಪ್ರತಿನಿಧಿಗಳಿದ್ದು, ನಾಲ್ವರು ಕ್ರಮವಾಗಿ ಶೇ 40, 32, 14, 14 ಮತ ಪಡೆದರು ಎನ್ನಿ. ಕೊನೆಯ ಇಬ್ಬರಿಗೆ ಸೊನ್ನೆ. ಉಳಿದ 72ರಲ್ಲಿ 40 ಮತ್ತು 32ರ ಪ್ರಮಾಣ ನೋಡಿ 5 ಮತ್ತು 4 ಹಂಚುತ್ತಾರೆ. ಶೇ 28 ಮತದಾರರ ಆಯ್ಕೆ ಲೆಕ್ಕಕ್ಕೇ ಬರಲಿಲ್ಲ. ರಿಪಬ್ಲಿಕನ್ನರಲ್ಲಿ ಅನೇಕ ರಾಜ್ಯಗಳು ಮುಂದಿದ್ದವರಿಗೆ ಎಲ್ಲವನ್ನೂ ಕೊಟ್ಟುಬಿಡುತ್ತವೆ: 2016ರಲ್ಲಿ ಸೌತ್ ಕ್ಯಾರೊಲೈನಾದಲ್ಲಿ ಟ್ರಂಪ್ ಸುಮಾರು ಮೂರನೇ ಒಂದು ಭಾಗ ಮತ ಪಡೆದು 50ಕ್ಕೆ 50 ಪ್ರತಿನಿಧಿಗಳನ್ನೂ ಬಾಚಿಕೊಂಡರು. ಎದುರಾಳಿಗಳ ಮತ ಹಂಚಿಹೋದರೆ ಆಗುವುದು ಹೀಗೆ.

ಅಲ್ಲಿ ಪೌರತ್ವ ಪಡೆದಿರುವ ಕನ್ನಡಿಗರು ಗಮನಿಸಬೇಕಾದ ಮಾತು: ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಫ್ಲಾರಿಡಾಗಳಲ್ಲಿ ಒಂದು ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ಮತ. 'ಯಾವ ಪಕ್ಷವೂ ಬೇಡ' ಎಂದು ಗುರುತು ಹಾಕಿದವರು ಆ ದಿನ ಮನೆಯಲ್ಲೇ ಇರಬೇಕಾಗುತ್ತದೆ. ಟೆಕ್ಸಾಸ್‌ನಲ್ಲಿ ಆ ತಾಪತ್ರಯವಿಲ್ಲ. ಗ್ರೀನ್ ಕಾರ್ಡ್ ಇರುವವರು ಮಾತ್ರ ಈ ತಂಟೆಗೇ ಹೋಗಬಾರದು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಕೊಡುವ ಮತದಾರರ ಅರ್ಜಿಗೆ ಗೊತ್ತಿಲ್ಲದೆ ಸಹಿ ಹಾಕಿದರೂ ಮುಂದೆ ಪೌರತ್ವಕ್ಕೆ ಕುತ್ತು ಬರಬಹುದು. ಮತ ಹಾಕಿದರಂತೂ ಗಡೀಪಾರಿನವರೆಗೆ ಹೋಗಬಹುದು.

ಬೇಸಿಗೆಯ ಅಧಿವೇಶನ ಈಗ ಬಹುಮಟ್ಟಿಗೆ ಸಮಾರಂಭ. ಪ್ರತಿನಿಧಿಗಳ ಮತದಾನ ಎರಡನೇ ಸುತ್ತಿಗೆ ಹೋದದ್ದು ಕೊನೆಯದಾಗಿ 1952ರಲ್ಲಿ, ಡೆಮಾಕ್ರಟಿಕ್ ಪಕ್ಷದಲ್ಲಿ. ಆದರೂ ಟಿಕೆಟ್ ಕೊಡುವ ಅಧಿಕಾರ ಪ್ರತಿನಿಧಿಗಳದ್ದೇ. ಜುಲೈ 21, 2024ರಂದು ಜೋ ಬೈಡನ್ ಹಿಂದೆ ಸರಿದಾಗ ಮತ್ತೆ ಪ್ರೈಮರಿ ನಡೆಯಲಿಲ್ಲ. ಪ್ರತಿನಿಧಿಗಳು ಆನ್‌ಲೈನ್‌ನಲ್ಲೇ ಮತ ಹಾಕಿ ಕಮಲಾ ಹ್ಯಾರಿಸ್ ಅವರನ್ನು ಆರಿಸಿದರು.

ನವೆಂಬರ್: 270ರ ಲೆಕ್ಕ

ನವೆಂಬರ್‌ನ ಮೊದಲ ಸೋಮವಾರದ ಮರುದಿನ ಮತದಾನ. 2028ರಲ್ಲಿ ಅದು ನವೆಂಬರ್ 7. ಜನ ಹಾಕುವ ಮತದಿಂದ ಪ್ರತಿ ರಾಜ್ಯದಲ್ಲೂ ಎಲೆಕ್ಟರ್‌ಗಳು ಆಯ್ಕೆಯಾಗುತ್ತಾರೆ, ಅಧ್ಯಕ್ಷರನ್ನು ಆರಿಸುವುದು ಅವರು ಹಾಕುವ ಎಲೆಕ್ಟೋರಲ್ ಮತ. ಒಟ್ಟು ಎಲೆಕ್ಟೋರಲ್ ಮತ 538: ಕಾಂಗ್ರೆಸ್‌ನ ಕೆಳಮನೆಯ ಸ್ಥಾನಗಳಷ್ಟು 435, ಮೇಲ್ಮನೆಯಾದ ಸೆನೆಟ್‌ನ ಸ್ಥಾನಗಳಷ್ಟು 100, ಡಿ.ಸಿ.ಯ 3. ಗೆಲ್ಲಲು 270. ಮೇನ್ ಮತ್ತು ನೆಬ್ರಾಸ್ಕ ಬಿಟ್ಟು ಎಲ್ಲೆಡೆ ಒಂದು ಮತದಿಂದ ಮುಂದಿದ್ದರೂ ಆ ರಾಜ್ಯದ ಪೂರ್ತಿ ಬುಟ್ಟಿ ಅವರಿಗೇ.

ಹಾಗಾಗಿ ದೇಶದ ಒಟ್ಟು ಮತ ನೋಡುತ್ತ ಕುಳಿತರೆ ಮೋಸ ಹೋಗುತ್ತೀರಿ. 2016ರಲ್ಲಿ ಹಿಲರಿ ಕ್ಲಿಂಟನ್ ಸುಮಾರು 28 ಲಕ್ಷ ಮತ ಹೆಚ್ಚು ಪಡೆದು ಸೋತರು. 2020ರಲ್ಲಿ ಬೈಡನ್ 70 ಲಕ್ಷ ಮತಗಳಿಂದ ಮುಂದಿದ್ದರು, ಆದರೆ ಅರಿಜೋನಾ (10,457), ಜಾರ್ಜಿಯಾ (11,779), ವಿಸ್ಕಾನ್ಸಿನ್ (20,682) ಈ ಮೂರೇ ಕಡೆಯ ಅಂತರ ಅಳಿಸಿಹೋಗಿ ಫಲಿತಾಂಶ ತಿರುಗಿದ್ದರೆ 269-269ರ ಸಮಬಲ ಆಗುತ್ತಿತ್ತು. ನಿಮ್ಮ ಕಣ್ಣು ಈ ಮೂರರ ಜೊತೆಗೆ, ಹಣಾಹಣಿ ಬಿಗಿಯಾಗಿರುವ ಪೆನ್ಸಿಲ್ವೇನಿಯಾ (19 ಎಲೆಕ್ಟೋರಲ್ ಮತ), ನಾರ್ತ್ ಕ್ಯಾರೊಲೈನಾ (16), ಮಿಷಿಗನ್ (15), ನೆವಾಡ (6) ಮೇಲಿರಲಿ. ಕ್ಯಾಲಿಫೋರ್ನಿಯಾದ 54ರ ಬಗ್ಗೆ ನಿದ್ದೆಗೆಡುವ ಅಗತ್ಯವಿಲ್ಲ, ಅಲ್ಲಿ ಡೆಮಾಕ್ರಟಿಕ್ ಪಕ್ಷದ್ದೇ ಮೇಲುಗೈ.

ನಮ್ಮ ಕಾಲಮಾನದಲ್ಲಿ ಬುಧವಾರ ಬೆಳಗಿನ ಜಾವ 4.30ಕ್ಕೆ ಇಂಡಿಯಾನಾ, ಕೆಂಟಕಿಯ ಕೆಲ ಭಾಗಗಳಲ್ಲಿ ಮತದಾನ ಮುಗಿಯುತ್ತದೆ, 5.30ಕ್ಕೆ ಜಾರ್ಜಿಯಾ, 6.30ಕ್ಕೆ ಪೆನ್ಸಿಲ್ವೇನಿಯಾ, 9.30ಕ್ಕೆ ಕ್ಯಾಲಿಫೋರ್ನಿಯಾ. ಆರಂಭದ ಮುನ್ನಡೆ ನಂಬಬೇಡಿ. ಫ್ಲಾರಿಡಾದಲ್ಲಿ ಅಂಚೆ ಮತಗಳನ್ನು ಮುಂಚೆಯೇ ಪರಿಶೀಲಿಸಿ ಸಿದ್ಧವಾಗಿಟ್ಟಿರುತ್ತಾರೆ, ಅಂಕಿ ಬೇಗ ಬರುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಮತದಾನದ ದಿನ ಬೆಳಿಗ್ಗೆ 7ರವರೆಗೆ ಅಂಚೆ ಲಕೋಟೆ ಒಡೆಯುವಂತಿಲ್ಲ. 2020ರಲ್ಲಿ ಅಲ್ಲಿ ರಾತ್ರಿ ಟ್ರಂಪ್ ಬಹಳ ಮುಂದಿದ್ದು, ಅಂಚೆ ಮತ ಎಣಿಸುತ್ತ ಹೋದಂತೆ ಬೈಡನ್ ಗೆದ್ದರು. ಅದರಲ್ಲಿ ಮರ್ಮವೇನಿಲ್ಲ, ಡೆಮಾಕ್ರಟಿಕ್ ಮತದಾರರು ಆಗ ಅಂಚೆಯನ್ನು ಹೆಚ್ಚು ಬಳಸಿದ್ದರು, ಅದನ್ನು ಕೊನೆಗೆ ಎಣಿಸಿದರು. ಟೀವಿಯಲ್ಲಿ ಬರುವ 'ಗೆದ್ದರು' ಎಂಬುದು ಅಸೋಸಿಯೇಟೆಡ್ ಪ್ರೆಸ್‌ನಂಥ ಸುದ್ದಿಸಂಸ್ಥೆಗಳ ಅಂದಾಜು, ಅಧಿಕೃತವಲ್ಲ.

ಅಧಿಕೃತವಾಗುವುದು ಯಾವಾಗ

ಡಿಸೆಂಬರ್‌ನ ಎರಡನೇ ಬುಧವಾರದ ನಂತರದ ಮಂಗಳವಾರ ಎಲೆಕ್ಟರ್‌ಗಳು ತಮ್ಮ ತಮ್ಮ ರಾಜ್ಯಗಳಲ್ಲಿ ಸೇರಿ ಮತ ಹಾಕುತ್ತಾರೆ. ಜನವರಿ 6ರಂದು ಕಾಂಗ್ರೆಸ್ ಅವನ್ನು ಎಣಿಸುತ್ತದೆ. 2021ರಲ್ಲಿ ಈ ಎಣಿಕೆಯ ದಿನ ಟ್ರಂಪ್ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿ ನಡೆಸಿದ ದಾಂಧಲೆಯ ನಂತರ, 2022ರ ಕಾನೂನು ಈ ಹಂತವನ್ನು ಬಿಗಿ ಮಾಡಿತು: ತಕರಾರು ಎತ್ತಲು ಎರಡೂ ಮನೆಗಳಲ್ಲಿ ಐದನೇ ಒಂದು ಭಾಗ ಸದಸ್ಯರ ಸಹಿ ಬೇಕು, ಉಪಾಧ್ಯಕ್ಷರದ್ದು ಓದಿ ಹೇಳುವ ಕೆಲಸವಷ್ಟೆ. ಜನವರಿ 20ರ ಮಧ್ಯಾಹ್ನ 12ಕ್ಕೆ ಅಧಿಕಾರ ಹಸ್ತಾಂತರ.

ಯಾರಿಗೂ 270 ಬರದಿದ್ದರೆ ಕೆಳಮನೆ ಅಧ್ಯಕ್ಷರನ್ನು ಆರಿಸುತ್ತದೆ, ಆದರೆ ರಾಜ್ಯಕ್ಕೊಂದೇ ಮತದಂತೆ. ಕ್ಯಾಲಿಫೋರ್ನಿಯಾದ 52 ಸದಸ್ಯರಿಗೆಲ್ಲ ಸೇರಿ ಒಂದು, ವಯೋಮಿಂಗ್‌ನ ಒಬ್ಬ ಸದಸ್ಯರಿಗೂ ಒಂದು. 26 ಬಂದವರು ಅಧ್ಯಕ್ಷರು. ಉಪಾಧ್ಯಕ್ಷರನ್ನು ಸೆನೆಟ್ ಆರಿಸುತ್ತದೆ. ಜನವರಿ 20ರೊಳಗೆ ಕೆಳಮನೆಯಲ್ಲಿ ಬಗೆಹರಿಯದಿದ್ದರೆ, ಬಗೆಹರಿಯುವ ತನಕ ಆ ಉಪಾಧ್ಯಕ್ಷರೇ ಅಧ್ಯಕ್ಷರ ಕೆಲಸ ನಡೆಸುತ್ತಾರೆ.